ನೋಟಿನ ಗಟ್ಟಿತನ ಇರುವುದು ಕಾಗದದಲ್ಲಿ

ಮೈಸೂರಲ್ಲಿ ನೋಟು ಅಚ್ಚಾಗುತ್ತೆ ಅಂತ ಹೆಮ್ಮೆಯಿಂದ ಹೇಳ್ತೀವಿ. ಅಚ್ಚಿಗೆ ಮುಂಚಿನ ಕೆಲಸದ ಬಗ್ಗೆ ಮಾತೇ ಇಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಇಲ್ಲಿ ತಯಾರಾಗುವ ಕಾಗದ.

ಇಲ್ಲಿನ ನೋಟು ಮುದ್ರಣಾಲಯ ಶುರುವಾದದ್ದು 1996ರಲ್ಲಿ. ಸ್ವದೇಶಿ ಕಾಗದಕ್ಕೆ 1968ರಿಂದ ಮಧ್ಯಪ್ರದೇಶದ ಹೋಶಂಗಾಬಾದಿನ ಗಿರಣಿ ಇತ್ತು. ಅದು ಸಾಲದೆ ದೊಡ್ಡ ಪಾಲು ಹೊರದೇಶದಿಂದ ಬರುತ್ತಿತ್ತು. ಯಂತ್ರ ನಮ್ಮದು, ನೋಟು ನಮ್ಮದು, ಹಾಳೆ ಮಾತ್ರ ಬೇರೆಯವರದು! ರಿಸರ್ವ್ ಬ್ಯಾಂಕಿನ ಮುದ್ರಣ ಕಂಪನಿಯೂ ಕೇಂದ್ರ ಸರ್ಕಾರದ ಮುದ್ರಣ ಮತ್ತು ಟಂಕಸಾಲೆ ನಿಗಮವೂ ಸಮಪಾಲು ಹಾಕಿ 2010ರಲ್ಲಿ ಕಾಗದ ಗಿರಣಿಯ ಕಂಪನಿ ಕಟ್ಟಿದ್ದು ಅದಕ್ಕೇ. ತಲಾ 6,000 ಟನ್ನಿನ ಎರಡು ಲೈನು, ವರ್ಷಕ್ಕೆ 12,000 ಟನ್. 2022ರಲ್ಲಿ ಶಾಯಿಯ 'ವರ್ಣಿಕಾ' ಘಟಕವೂ ಬಂತು.

ನೋಟಿನ ಕಾಗದಕ್ಕೆ ಮರದ ತಿರುಳಲ್ಲ, ಹತ್ತಿ ಬೇಕು. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಒತ್ತಡದಲ್ಲಿ ಬೇಯಿಸಿ, ಬಿಳುಪು ಮಾಡಿ, ತೊಳೆದು, ನೀರಲ್ಲಿ ಅರೆಯುತ್ತಾರೆ. ಗುಟ್ಟೆಲ್ಲ ಈ ಅರೆಯುವುದರಲ್ಲಿದೆ. ಕಡಿಮೆಯಾದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳಲ್ಲ. ಹೆಚ್ಚಾದರೆ ಎಳೆ ತುಂಡಾಗಿ ಹಾಳೆ ಸುಲಭವಾಗಿ ಹರಿಯುತ್ತೆ, ಜಾಲರಿಯಿಂದ ನೀರೂ ಬೇಗ ಇಳಿಯಲ್ಲ.

ಆಮೇಲೆ ತಿರುಳಿನ ತೊಟ್ಟಿಯಲ್ಲಿ ಜಾಲರಿಯ ಉರುಳೆ ತಿರುಗುತ್ತೆ. ಅದರ ಮೇಲೆ ತಗ್ಗು ಇದ್ದಲ್ಲಿ ಎಳೆ ಹೆಚ್ಚು ಕೂತು ಬೆಳಕಿಗೆ ಕಪ್ಪಾಗಿ ಕಾಣುತ್ತೆ, ಉಬ್ಬಿದ್ದಲ್ಲಿ ತೆಳುವಾಗಿ ಬೆಳ್ಳಗೆ. ಗಾಂಧೀಜಿಯ ನೀರ್ಗುರುತು (ವಾಟರ್‌ಮಾರ್ಕ್) ಹೀಗೆ ಹುಟ್ಟೋದು, ಒತ್ತಿ ಮೂಡಿಸಿದ್ದಲ್ಲ. ಭದ್ರತಾ ದಾರವನ್ನೂ ಹಾಳೆ ಕಟ್ಟುವ ಹೊತ್ತಲ್ಲೇ ಒಳಗೆ ಬಿಡುತ್ತಾರೆ. ದಾರ ಪ್ರತಿ ಹಾಳೆಯಲ್ಲೂ ಒಂದೇ ಜಾಗಕ್ಕೆ ಬಂದರೆ ಪೇರಿಸಿದ ಕಟ್ಟು ಅಲ್ಲೇ ಉಬ್ಬುತ್ತೆ. ಹಾಗಾಗಿ ಬೇಕೆಂದೇ ಸ್ವಲ್ಪ ಅತ್ತಿತ್ತ ಸರಿಸುತ್ತಾರೆ. ಒದ್ದೆಯಲ್ಲೂ ಕರಗದಂತೆ ರಾಳ ಸೇರಿಸುತ್ತಾರೆ. ಅಂಗಿ ಜೇಬಲ್ಲಿ ಒಗೆದುಹೋದ ನೋಟು ಉಳಿಯುವುದು ಅದರಿಂದಲೇ.

ಹಾಳೆಯ ತೇವ ಹೆಚ್ಚುಕಡಿಮೆಯಾದರೆ ಅದು ಹಿಗ್ಗುತ್ತೆ, ಕುಗ್ಗುತ್ತೆ. ಹಿನ್ನೆಲೆಯ ಬಣ್ಣ ಹಾಕುವ ಆಫ್‌ಸೆಟ್ ಅಚ್ಚು ಆದಮೇಲೆ ಉಬ್ಬು ಗೆರೆ ಮೂಡಿಸುವ ಇಂಟಾಗ್ಲಿಯೋ ಅಚ್ಚು ಒತ್ತುವಾಗ ಗೆರೆ ಗೆರೆಗೆ ಕೂರಲ್ಲ. ಮುದ್ರಣದ ತಪ್ಪು ಅಂತ ಕಾಣುವ ಎಷ್ಟೋ ದೋಷಗಳ ಬೇರು ಕಾಗದದಲ್ಲಿರುತ್ತೆ.

ಅಂಗಡಿಯವರಿಗೆ ಒಂದು ಮಾತು: ನೋಟಿನ ಚಿತ್ರ ನೋಡುವ ಮೊದಲು ಕಾಗದ ನೋಡಿ. ನೇರಳಾತೀತ ದೀಪದಡಿ ಸಾಮಾನ್ಯ ಬಿಳಿ ಕಾಗದ ಅದರಲ್ಲಿನ ಹೊಳಪುಕಾರಕದಿಂದ ನೀಲಿಯಾಗಿ ಹೊಳೆಯುತ್ತೆ, ನೋಟಿನ ಕಾಗದ ಮಂಕಾಗಿರುತ್ತೆ. 500ರ ನೋಟು ಓರೆ ಮಾಡಿದರೆ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಇನ್ನು ದಯವಿಟ್ಟು ಸ್ಟೇಪಲ್ ಹೊಡೆಯಬೇಡಿ. 2001ರಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಬೇಡ ಅಂದಿದೆ. ಎಷ್ಟು ಗಟ್ಟಿ ಹತ್ತಿಯಾದರೂ ಸೀಳು ಶುರುವಾಗೋದು ಆ ತೂತಿನಿಂದಲೇ.