ಮಲೇರಿಯಾದ 14 ದಿನದ ಮಾತ್ರೆ: ಎದುರಲ್ಲೇ ನುಂಗಿಸಬೇಕೇ?

ಪರ

ಮಂಗಳೂರಿನ ಕದ್ರಿ ಕಡೆ ಒಂದು ಕಟ್ಟಡದ ಕೆಲಸದಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಗದಗದ ಕಡೆಯ ಹುಡುಗನೊಬ್ಬನಿಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ ಅಂತ ಬಂತು. ಕ್ಲೋರೋಕ್ವಿನ್ ಮೂರು ದಿನ, ಪ್ರೈಮಾಕ್ವಿನ್ 14 ದಿನ ಅಂತ ಬರೆದುಕೊಟ್ಟರು. ಮೂರೇ ದಿನಕ್ಕೆ ಜ್ವರ ಬಿಟ್ಟಿತು. ಐದು ದಿನ ಮಾತ್ರೆ ತಿಂದು ಸೆಂಟ್ರಿಂಗ್ ಕೆಲಸಕ್ಕೆ ಹತ್ತಿದ. ಎರಡು ತಿಂಗಳಾದ ಮೇಲೆ ಮತ್ತೆ ಅದೇ ಚಳಿ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಶೆಡ್ಡಿನ ತಗಡಿನ ಸಂದಿಯಲ್ಲಿ ಮಾತ್ರೆಯ ಪಟ್ಟಿ ಸಿಕ್ಕಿತು. ಒಂಬತ್ತು ಮಾತ್ರೆ ಹಾಗೇ ಇತ್ತು.

ಅವನದು ತಪ್ಪು ಅಂತ ನಾನು ಹೇಳುವುದಿಲ್ಲ. ಮೈ ಹಗುರಾದವನಿಗೆ ಮಾತ್ರೆ ಯಾಕೆ ನೆನಪಾಗಬೇಕು? ಖಾಲಿ ಹೊಟ್ಟೆಗೆ ತಿಂದರೆ ಹೊಟ್ಟೆ ಬೇರೆ ಕಿವುಚುತ್ತದೆ. ಆದರೆ ವೈವಾಕ್ಸ್ ರೋಗಾಣು ರಕ್ತದಲ್ಲಿ ಸತ್ತರೂ ಲಿವರಿನಲ್ಲಿ ಅಡಗಿ ಮಲಗಿರುತ್ತದೆ. ಕ್ಲೋರೋಕ್ವಿನ್ ಅದನ್ನು ಮುಟ್ಟುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ಅದು ಎದ್ದು ಬರುತ್ತದೆ. ಅದನ್ನು ಕೊಲ್ಲುವುದಕ್ಕೇ ಪ್ರೈಮಾಕ್ವಿನ್ ಇರುವುದು.

ಹಿಂದೆ ನಮ್ಮ ದೇಶದಲ್ಲಿ ಐದೇ ದಿನ ಪ್ರೈಮಾಕ್ವಿನ್ ಕೊಡುತ್ತಿದ್ದರು. ಅದರಿಂದ ಜ್ವರ ಮರುಕಳಿಸುವುದು ನಿಲ್ಲಲಿಲ್ಲ. ಆಮೇಲೆ 14 ದಿನ ಮಾಡಿದರು. ಐದನೇ ದಿನ ಮಾತ್ರೆ ಬಿಟ್ಟವನು ಸೋತುಹೋದ ಆ ಹಳೇ ಲೆಕ್ಕಕ್ಕೇ ವಾಪಸ್ ಹೋದ ಹಾಗೆ, ಅಲ್ವಾ?

1950ರ ದಶಕದ ಆರಂಭದಲ್ಲಿ ಕೊರಿಯಾ ಯುದ್ಧದಿಂದ ಮರಳುತ್ತಿದ್ದ ಅಮೆರಿಕದ ಸೈನಿಕರಿಗೆ ಹಡಗಿನಲ್ಲೇ ದಿನಕ್ಕೊಂದರಂತೆ 14 ದಿನ ಪ್ರೈಮಾಕ್ವಿನ್ ನುಂಗಿಸುತ್ತಿದ್ದರು. ಕ್ಷಯಕ್ಕೆ ನಮ್ಮಲ್ಲೇ 1997ರಿಂದ ಎದುರಲ್ಲೇ ಮಾತ್ರೆ ಕೊಡುವ ಪದ್ಧತಿ ಬಂತು. ಅಲ್ಲಿ ತಿಂಗಳುಗಟ್ಟಲೆ ಮಾಡಲು ಆಗುವುದಾದರೆ ಇಲ್ಲಿ ಎರಡು ವಾರ ಆಗುವುದಿಲ್ಲವೇ? ಸೈಟಿನಲ್ಲಿ ಬೆಳಿಗ್ಗೆ ತಿಂಡಿ ಆದ ಕೂಡಲೇ ಮೇಸ್ತ್ರಿ ಒಂದು ಮಾತ್ರೆ, ಒಂದು ಲೋಟ ನೀರು ಕೊಡಲಿ. ಮನೆಯಲ್ಲಿದ್ದರೆ ಆಶಾ ಕಾರ್ಯಕರ್ತೆ ಬರಲಿ, ಆ ಕೆಲಸಕ್ಕೆ ಅವರಿಗೆ ಸರಿಯಾಗಿ ದುಡ್ಡೂ ಸಿಗಲಿ. ಆ ಹುಡುಗನಿಗೆ ಎರಡನೇ ಸಲ ನಾನೇ ಹಾಗೆ ಕೊಟ್ಟೆ. ಹದಿನಾಲ್ಕೂ ದಿನ. ಆಮೇಲೆ ನಮ್ಮ ಸೈಟಿನಲ್ಲಿ ಇದ್ದಷ್ಟು ಕಾಲ ಅವನು ಮತ್ತೆ ಜ್ವರ ಬಂದು ಮಲಗಲಿಲ್ಲ.

ಇದು ಪೊಲೀಸ್ ಕಾವಲು ಅನ್ನುವವರು ನಡುಗುವವನ ಪಕ್ಕ ಒಂದು ರಾತ್ರಿ ಕೂರಲಿ. ಮಾತ್ರೆ ಆಗಿಬರದವರೂ ಇದ್ದಾರೆ ಅನ್ನುತ್ತಾರೆ. ಪರೀಕ್ಷೆ ಮಾಡಿಯೇ ಕೊಡಿ, ಅಷ್ಟೇ.

ವಿರೋಧ

ನನಗೆ ಈ ಬದಿ ಬರೆಯಲು ಹೇಳಿದರು. 14 ದಿನವೂ ತಿನ್ನಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ದೊಡ್ಡವರನ್ನು ಶಾಲೆ ಮಕ್ಕಳ ಹಾಗೆ ನಿಲ್ಲಿಸಿ ಬಾಯಿ ತೆರೆಸುವುದು ಮಾತ್ರ ಇಷ್ಟವಾಗುವುದಿಲ್ಲ.

ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇದ್ದವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೆಯುತ್ತದೆ, ಮೂತ್ರ ಕಪ್ಪಾಗುತ್ತದೆ. ಗರ್ಭಿಣಿಯರಿಗಂತೂ ಕೊಡುವಂತಿಲ್ಲ. ಮೇಸ್ತ್ರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ನನ್ನ ಹೆಂಡತಿಯ ವಿಷಯ ಹೇಳುತ್ತೇನೆ. ನಮ್ಮದು ಬಿಜೈಯಲ್ಲಿ ಮನೆ. ಒಂದು ಮಳೆಗಾಲ ಅವಳಿಗೆ ವೈವಾಕ್ಸ್ ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಹದಿನಾಲ್ಕೂ ತಿಂದಳು. ಯಾರೂ ಕಾಯಲಿಲ್ಲ. ನಾಲ್ಕು ತಿಂಗಳಿಗೆ ಮತ್ತೆ ಬಂತು. ತೋರಿಸಿದಲ್ಲಿ ಮೊದಲ ಪ್ರಶ್ನೆಯೇ, 'ಮಾತ್ರೆ ಬಿಟ್ರಾ?' ಅವಳು ಕ್ಯಾಲೆಂಡರ್ ತಂದು ತೋರಿಸುತ್ತೇನೆ ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಅತ್ತಳು. ಜ್ವರಕ್ಕಿಂತ ಆ ಮಾತೇ ಅವಳಿಗೆ ಜಾಸ್ತಿ ನೋವಾಗಿತ್ತು.

ಮತ್ತೆ ಬಂದದ್ದು ಲಿವರಿನಿಂದ ಎದ್ದದ್ದೋ, ಹೊಸದಾಗಿ ಸೊಳ್ಳೆ ಕಚ್ಚಿದ್ದೋ, ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಊರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ. ಟ್ಯಾಂಕಿನ ಒಳ್ಳೆಯ ನೀರಿನಲ್ಲಿ, ಬಾವಿಯಲ್ಲಿ, ಕಟ್ಟಡದಲ್ಲಿ ಕಾಂಕ್ರೀಟು ಗಟ್ಟಿಯಾಗಲಿ ಅಂತ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರಿನಲ್ಲಿ. ಮಾತ್ರೆ ನುಂಗಿಸಲು ನಿಲ್ಲುವ ಜನ ಆ ಹೊತ್ತಿನಲ್ಲಿ ಟೆರೇಸು ಹತ್ತಲಿ.

ಹೆಂಡತಿ ಅತ್ತ ಆ ಸಂಜೆ ಪಕ್ಕದ ಮನೆಯವರನ್ನು ಕೇಳಿ ನಾನು ಮೇಲೆ ಹತ್ತಿದೆ. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ಎಷ್ಟು ಕಾಲವಾಗಿತ್ತೋ. ಟಾರ್ಚ್ ಬಿಟ್ಟರೆ ನೀರಿನ ತುಂಬ ಮರಿಹುಳ. ಹಲಗೆಯೊಂದನ್ನು ಮುಚ್ಚಿ, ಮೇಲೆ ಎರಡು ಕಲ್ಲು ಹೇರಿ ಇಳಿದೆ. ಈಗಲೂ ಮಳೆಗಾಲಕ್ಕೆ ಮೊದಲು ಒಮ್ಮೆ ಹತ್ತಿ ಆ ಹಲಗೆ ಇದೆಯೋ ನೋಡಿ ಬರುತ್ತೇನೆ.