ನಮ್ಮೂರಿನ ಸಂಶೋಧನೆ ನಮಗೆ ಕನ್ನಡದಲ್ಲಿ ಸಿಗಬೇಕೆ?

ಕಾಸರಗೋಡಿನ ನೀರು, ಮಣ್ಣು, ಬೆಳೆ, ಜನರ ಮೇಲೆ ಪಿಎಚ್‌ಡಿ ಮತ್ತು ಪ್ರಾಜೆಕ್ಟ್ ಮಾಡುವವರು ಕೊನೆಗೆ ಫಲಿತಾಂಶವನ್ನು ಕನ್ನಡದಲ್ಲೂ ಬರೆದು ಕೊಡುವುದು ಕಡ್ಡಾಯವಾಗಬೇಕೆ? ಇಬ್ಬರು ಬರೆದಿದ್ದಾರೆ.

ಪರ: ಒಬ್ಬ ಅಡಿಕೆ ಕೃಷಿಕ, ಪೆರ್ಲ ಸಮೀಪ

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಒಂದು ಸುರಂಗ ಇದೆ. ಘಟ್ಟದ ಮೇಲಿನವರಿಗೆ ಸುರಂಗ ಅಂದರೆ ರೈಲು ಹೋಗುವ ದಾರಿ. ನಮಗೆ ಅದು ನೀರು. ಮುರಕಲ್ಲಿನ ಗುಡ್ಡೆಯನ್ನು ಒಬ್ಬ ಆಳು ಹೋಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆಯುತ್ತಾ ಒಸರು ಸಿಕ್ಕುವವರೆಗೆ ಒಳಗೆ ಹೋಗುವುದು. ನೀರು ತಾನಾಗಿ ಹರಿದು ಅಂಗಳದ ಟಾಂಕಿಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ನಮ್ಮದು 62 ಕೋಲು ಉದ್ದ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಅಜ್ಜ ಶುರು ಮಾಡಿದ್ದು, ಅಪ್ಪ ಮುಗಿಸಿದ್ದು.

ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾ ತಂಡ ಬಂತು. ಮೂರು ಜನ ಮಕ್ಕಳು, ಒಬ್ಬರು ಮೇಷ್ಟ್ರು. ಒಳ್ಳೆಯವರೇ. ಆರು ದಿನ ನಮ್ಮಲ್ಲೇ ಊಟ. ಅಪ್ಪ ಅವರನ್ನು ಸುರಂಗದ ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದರು. ಮೇಣದ ಬತ್ತಿ ಯಾಕೆ ಹಿಡಿಯಬೇಕು, ಬತ್ತಿ ಮಂಕಾದರೆ ಯಾಕೆ ಕೂಡಲೇ ಹೊರಗೆ ಬರಬೇಕು, ಯಾವ ಕಲ್ಲು ಗಟ್ಟಿ, ಯಾವ ಮಣ್ಣು ಕುಸಿಯುತ್ತದೆ, ಹುತ್ತ ನೋಡಿ ನೀರಿನ ಅಂದಾಜು ಹೇಗೆ ಮಾಡುತ್ತಾರೆ ಅಂತ. ಅವರು ರೆಕಾರ್ಡ್ ಮಾಡಿಕೊಂಡರು. ಹೋಗುವಾಗ ಎರಡು ಬಾಟ್ಲಿ ನೀರು ತುಂಬಿಸಿಕೊಂಡರು. ಅಪ್ಪ ಕೇಳಿದರು, 'ನೀರು ಹೇಗಿದೆ ಅಂತ ನಮಗೂ ಒಂದು ಮಾತು ಹೇಳ್ತೀರಲ್ವಾ?' ಖಂಡಿತ ಅಂದರು.

ಒಂದು ಕಾಗದ ಬರಲಿಲ್ಲ. ಒಂದು ಫೋನೂ ಇಲ್ಲ.

ಕಳೆದ ವರ್ಷ ನನ್ನ ಮಗಳು ಮೊಬೈಲಿನಲ್ಲಿ ಏನೋ ಹುಡುಕುವಾಗ ಒಂದು ಇಂಗ್ಲಿಷ್ ಲೇಖನದಲ್ಲಿ ನಮ್ಮ ಸುರಂಗದ ಫೋಟೋ ಕಂಡಳು. ಬಾಯಿಯ ಹತ್ತಿರ ಅಡಿಕೆ ಮರದ ದಂಬೆ ಇಟ್ಟದ್ದು ನೋಡಿ ಗುರುತು ಸಿಕ್ಕಿತು, ಅದನ್ನು ಇಟ್ಟವನೇ ನಾನು. ಲೇಖನ ಪೂರ್ತಿ ಓದಬೇಕಾದರೆ ಡಾಲರ್ ಕಟ್ಟಬೇಕು ಅಂತ ಬಂತು. ಕಾಲೇಜಿನಲ್ಲಿ ಕಲಿಸುವ ನೆಂಟರೊಬ್ಬರು ಹೇಗೋ ತರಿಸಿ ಕೊಟ್ಟರು, ಮಗಳು ಅರ್ಥ ಹೇಳಿದಳು. ನಮ್ಮ ನೀರಿನ ಪಿಎಚ್ 5.3 ಅಂತೆ. ಅಂದರೆ ಹುಳಿ ನೀರು. ಅಂಥ ನೀರು ಕಬ್ಬಿಣದ ಪೈಪನ್ನು ತಿನ್ನುತ್ತದೆ.

ಅಷ್ಟು ಹೊತ್ತಿಗೆ ಅಪ್ಪ ಎರಡು ಸಲ ಜಿಐ ಪೈಪು ಬದಲಿಸಿ ಆಗಿತ್ತು. ತೂತು ಬೀಳುವುದು, ತುಕ್ಕು ಬರುವುದು, ಅಂಗಡಿಯವನು ಕಳಪೆ ಮಾಲು ಕೊಟ್ಟ ಅಂತ ಅವನ ಹತ್ತಿರ ಜಗಳ. ಪಾಪ, ಅವನದ್ದು ತಪ್ಪೇ ಇರಲಿಲ್ಲ. ಕಾರಣ ಒಂದು ಸಾಲಿನಲ್ಲಿ ಬರೆದು ಇಟ್ಟಿದ್ದರು, ನಮಗೆ ಗೊತ್ತಿಲ್ಲದ ಭಾಷೆಯಲ್ಲಿ, ನಮಗೆ ಸಿಗದ ಜಾಗದಲ್ಲಿ. ಈಗ ಪಿವಿಸಿ ಹಾಕಿದ್ದೇವೆ, ಟಾಂಕಿಗೆ ಮರುವಾಯಿ ಚಿಪ್ಪು ಹಾಕಿ ಹುಳಿ ಸ್ವಲ್ಪ ಕಡಿಮೆ ಮಾಡಿದ್ದೇವೆ. ಅಪ್ಪ ಇದನ್ನು ನೋಡಲು ಇರಲಿಲ್ಲ.

ನಾನು ಕೇಳುವುದು ಇಷ್ಟೇ. ನೀರು ನಮ್ಮದು, ಅಜ್ಜನ ತಿಳುವಳಿಕೆ ನಮ್ಮದು, ಊಟ ಹಾಕಿದ್ದು ನಾವು. ನಾಲ್ಕು ಪುಟ ಕನ್ನಡದಲ್ಲಿ ಬರೆದು ಕೊಟ್ಟರೆ ಏನು ಕಳೆದುಹೋಗುತ್ತದೆ?

ಸುರಂಗದ ವಿಷಯ ಚಿಕ್ಕದು ಅನ್ನಿ. ಎಂಡೋಸಲ್ಫಾನ್ ಚಿಕ್ಕದಾ? 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ಅವರಿಗೆ ಏನೋ ಸರಿ ಇಲ್ಲ ಅಂತ ಅನಿಸಿದ್ದು ಯಾವ ಲ್ಯಾಬಿನಿಂದಲೂ ಅಲ್ಲ. ಊರಿನ ರೋಗಿಗಳನ್ನು ಅವರ ಭಾಷೆಯಲ್ಲೇ ಮಾತನಾಡಿಸಿ, ಒಂದೊಂದು ಮನೆಯ ಕಥೆ ಕೇಳಿದ್ದರಿಂದ. ಆಮೇಲೆ ತಂಡದ ಮೇಲೆ ತಂಡ ಬಂತು. ದೆಹಲಿಯಿಂದ, ಅಹಮದಾಬಾದಿನಿಂದ, ಕೋಝಿಕ್ಕೋಡಿನಿಂದ. ರಕ್ತ ತೆಗೆದರು, ಬಾವಿ ನೀರು ತೆಗೆದರು. ಊರಿನ ಕಾಯಿಲೆಗಳಿಗೆ ಈ ವಿಷವೇ ಕಾರಣವಾ ಅಂದರೆ ಒಂದು ವರದಿ ಹೌದು ಅಂದಿತು, ಇನ್ನೊಂದು ಅಲ್ಲ ಅಂದಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು. ಇಷ್ಟೆಲ್ಲ ನಡೆಯುವಾಗ ರಕ್ತ ಕೊಟ್ಟ ತಾಯಂದಿರು ವರದಿಯಲ್ಲಿ ಏನಿದೆ ಅಂತ ತಿಳಿಯಲು ಯಾರದ್ದೋ ಬಾಯಿ ನೋಡುತ್ತಾ ಕೂರಬೇಕಾಯಿತು. ಮಗು ಹೀಗೆ ಹುಟ್ಟಿದ್ದು ದೈವದ ಕೋಪ ಅಂತ ನಂಬಿ ವರ್ಷಗಟ್ಟಲೆ ಹರಕೆ ಕಟ್ಟಿದ ಮನೆ ನಾನು ನೋಡಿದ್ದೇನೆ. ಒಂದು ಕನ್ನಡದ ಕಾಗದ ಆ ಮನೆಗೆ ಎಷ್ಟು ದೊಡ್ಡ ಸಮಾಧಾನ ಕೊಡುತ್ತಿತ್ತು ಅಂತ ಯೋಚಿಸಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮ ಇದೆಯಲ್ಲ, ಮನುಷ್ಯರ ಮೇಲೆ ಅಧ್ಯಯನ ಮಾಡುವಾಗ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು ಅಂತ. ಒಳ್ಳೆಯ ನಿಯಮ. ಅಂದರೆ ರಕ್ತ ತೆಗೆಯುವ ಮುಂಚೆ ಸಹಿ ಹಾಕಿಸಲು ಕನ್ನಡ ಬರುತ್ತದೆ. ಫಲಿತಾಂಶ ಬಂದ ಮೇಲೆ ಅದೇ ಕನ್ನಡ ಯಾಕೆ ಬರುವುದಿಲ್ಲ?

ವಿಜ್ಞಾನಕ್ಕೆ ಕನ್ನಡದಲ್ಲಿ ಶಬ್ದ ಇಲ್ಲ ಅನ್ನುವವರು ಜಾಸ್ತಿ. ಅವರಿಗೆ ಒಂದು ವಿಷಯ ಹೇಳುತ್ತೇನೆ. ಕಾಫಿ ಗಿಡಕ್ಕೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕುಕ್ ಹೆಸರಿಟ್ಟರು: ಪೆಲಿಕ್ಯುಲೇರಿಯಾ ಕೊಳೆರೋಗ. ನಮ್ಮ ರೈತರು ತೋಟದಲ್ಲಿ ಆಡುತ್ತಿದ್ದ ಮಾತು ಹಾಗೇ ವಿಜ್ಞಾನದ ಲ್ಯಾಟಿನ್ ಹೆಸರಾಯಿತು. ಕೆನಡಾದಿಂದ ಬಂದು ಮೈಸೂರು ಸರ್ಕಾರದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ರೋಗದ ಬಗ್ಗೆ ಬರೆದಾಗಲೂ ತಲೆಬರಹದಲ್ಲೇ ಕೊಳೆರೋಗ ಅಂತ ಹಾಕಿದರು. ಅವರು ನಮ್ಮಿಂದ ಶಬ್ದ ತೆಗೆದುಕೊಳ್ಳಬಹುದು, ನಮಗೆ ವಾಪಸು ಕೊಡಲು ಮಾತ್ರ ಶಬ್ದ ಇಲ್ಲವಾ?

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೋಡಿ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಮದ್ದು. ಇವತ್ತು ನಮ್ಮ ಊರಿನಲ್ಲಿ ಅಕ್ಷರ ಬಾರದವರಿಗೂ ಅದರ ಲೆಕ್ಕ ಬಾಯಿಪಾಠ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಪಾಕ ಸರಿಯಾಯಿತಾ ಅಂತ ನೋಡಲು ಕತ್ತಿಯ ಅಲಗು ಅದ್ದುತ್ತೇವೆ, ಕೆಂಪು ಕಟ್ಟಿದರೆ ಇನ್ನೂ ಸ್ವಲ್ಪ ಸುಣ್ಣ. ಇದು ಕೆಮಿಸ್ಟ್ರಿ ಅಲ್ವಾ? ಯಾರೋ ಒಬ್ಬರು ಕೂತು ಕನ್ನಡದಲ್ಲಿ, ತುಳುವಿನಲ್ಲಿ ಹೇಳಿಕೊಟ್ಟದ್ದಕ್ಕೆ ತಾನೇ ಇದು ತೋಟಕ್ಕೆ ಬಂದದ್ದು. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ರೈತರ ಕೈಗೇ ಪೆನ್ನು ಕೊಟ್ಟಿತು. ರೈತರಿಗೆ ಬರೆಯಲು ಬರುತ್ತದೆ ಅಂದರೆ ಡಾಕ್ಟರೇಟ್ ಮಾಡಿದವರಿಗೆ ಬರುವುದಿಲ್ಲವಾ? ಜಪಾನಿನ ಮಸ್ಕಾವಾ 2008ರಲ್ಲಿ ಭೌತಶಾಸ್ತ್ರದ ನೊಬೆಲ್ ತೆಗೆದುಕೊಂಡಾಗ ಸ್ಟಾಕ್‌ಹೋಮಿನಲ್ಲಿ ನಿಂತು ಜಪಾನಿ ಭಾಷೆಯಲ್ಲೇ ಉಪನ್ಯಾಸ ಕೊಟ್ಟರು.

ಇನ್ನು ಕಾಸರಗೋಡಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಇದೆ, ಯಾವ ಭಾಷೆಯಲ್ಲಿ ಅಂತ ಬರೆಯುವುದು ಎಂದು ಕೇಳುತ್ತಾರೆ. ಇದು ಬರೆಯಲು ಮನಸ್ಸಿಲ್ಲದವರ ಮಾತು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಪಂಚಾಯತಿನ ನೋಟೀಸಿನಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಕನ್ನಡಕ್ಕಾಗಿ ಕೇಳಿ ಕೇಳಿ ಸಾಕಾಗಿದೆ. ವಿಜ್ಞಾನದವರ ಹತ್ತಿರವೂ ಕೇಳಲೇಬೇಕು. ಕೇಳದೆ ಯಾರೂ ಕೊಟ್ಟದ್ದಿಲ್ಲ. ಕೊನೆಯ ನಾಲ್ಕು ಪುಟ ಕನ್ನಡದಲ್ಲಿ ಇಲ್ಲದಿದ್ದರೆ ಪದವಿಯೂ ಇಲ್ಲ ಅಂತ ಒಂದು ನಿಯಮ ಮಾಡಿ ನೋಡಿ, ಆರು ತಿಂಗಳಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ.

ವಿರೋಧ: ಒಬ್ಬ ಸಂಶೋಧಕಿ, ಮಂಜೇಶ್ವರದವರು

ವಿರೋಧದ ಪಕ್ಷ ಬರೆಯಲು ಜನ ಸಿಗಲಿಲ್ಲ ಅಂತ ನನ್ನನ್ನು ಕೇಳಿದರು, ಒಪ್ಪಿದೆ. ಹತ್ತನೇವರೆಗೆ ಕನ್ನಡ ಶಾಲೆಯಲ್ಲೇ ಓದಿದವಳು ನಾನು. ಕನ್ನಡಕ್ಕೆ ನನ್ನ ವಿರೋಧ ಇಲ್ಲ, ಕಡ್ಡಾಯ ಅನ್ನುವ ಶಬ್ದಕ್ಕೆ ಇದೆ.

ಇಡೀ ವಿಜ್ಞಾನವನ್ನೇ ಕನ್ನಡಕ್ಕೆ ತಿರುಗಿಸಿ ಇಂಗ್ಲಿಷನ್ನು ಬಿಟ್ಟುಬಿಡಿ ಅನ್ನುವಂಥ ಮಾತು ಕೇಳುವಾಗ ನನಗೆ ಹೆದರಿಕೆ ಆಗುತ್ತದೆ. ಚೀನಾದಲ್ಲಿ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದರಲ್ಲ, ಅದರ ಬಗ್ಗೆ ಮೊದಲ ಲೇಖನ 1977ರಲ್ಲಿ ಬಂದದ್ದು ಚೀನೀ ಭಾಷೆಯಲ್ಲಿ. ಆ ಕೆಲಸ ಗುಟ್ಟಾಗಿ ನಡೆದಿತ್ತು, ನಿಜ, ಆದರೆ ಭಾಷೆಯ ಗೋಡೆಯೂ ಅದಕ್ಕೆ ಸೇರಿಕೊಂಡಿತು. ಅದನ್ನು ಕಂಡುಹಿಡಿದ ತಂಡದ ತು ಯುಯು ಅವರಿಗೆ ನೊಬೆಲ್ ಬಂದಾಗ 2015. ನಮ್ಮ ಕೆಲಸವನ್ನು ತಪ್ಪು ಅಂತ ತೋರಿಸಬಲ್ಲವರು ಬ್ರೆಜಿಲ್, ವಿಯೆಟ್ನಾಂನಲ್ಲೂ ಇದ್ದಾರೆ. ಅವರಿಗೆ ಓದಲು ಸಿಗಬೇಕಾದರೆ ಇಂಗ್ಲಿಷ್ ಬೇಕು.

ಸಮಯದ ಮಾತೂ ಇದೆ. ಫೆಲೋಶಿಪ್ ಐದು ವರ್ಷ. ಅದರಲ್ಲಿ ಮಳೆಗಾಲ ಬಂದಷ್ಟೇ ಸಲ ಪ್ರಯೋಗ. ಕಡ್ಡಾಯ ಅಂತ ಆದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಟೈಪಿಂಗ್ ಅಂಗಡಿಗೆ ಕೊಡುತ್ತಾರೆ, ಇಲ್ಲವೇ ಕಂಪ್ಯೂಟರಿನಿಂದ ತಿರುಗಿಸುತ್ತಾರೆ, ಬೈಂಡ್ ಮಾಡಿ ಕಪಾಟಿನಲ್ಲಿ ಇಡುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ನೀರಿನ ಪರೀಕ್ಷೆ, ರಕ್ತದ ಪರೀಕ್ಷೆಯ ಫಲಿತಾಂಶ ಮನೆಯವರಿಗೆ ಹೇಳುವುದು ಬೇರೆ ವಿಷಯ, ಅದಕ್ಕೆ ಪ್ರಬಂಧವೇ ಬೇಕಾಗಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಇದಕ್ಕಿಂತ ಬೇರೆ.

ನನ್ನ ಕೆಲಸ ಒಳ್ಳೆಮೆಣಸಿನ (ಕಾಳುಮೆಣಸಿನ) ಸೊರಗು ರೋಗದ ಮೇಲೆ. ಮಳೆಗಾಲದಲ್ಲಿ ಎಲೆಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ, ಬುಡ ಕೊಳೆಯುತ್ತದೆ, ಎರಡು ಮೂರು ವಾರದಲ್ಲಿ ಇಡೀ ಬಳ್ಳಿ ಅಡಿಕೆ ಮರದಿಂದ ಜೋತು ಬೀಳುತ್ತದೆ. ಕಾರಣ ಫೈಟಾಫ್ತೊರಾ, ನೀರು ನಿಂತ ಕಡೆ ಓಡಾಡುವ ಸೂಕ್ಷ್ಮಜೀವಿ. ಕೆಲವು ತಳಿಗಳು ಇದನ್ನು ಬೇರೆ ತಳಿಗಿಂತ ಸ್ವಲ್ಪ ಜಾಸ್ತಿ ತಾಳಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಅದಕ್ಕೆ ಟಾಲರೆಂಟ್ ಅನ್ನುತ್ತೇವೆ. ರೆಸಿಸ್ಟೆಂಟ್ ಅಂದರೆ ಅದಕ್ಕಿಂತ ಬಲವಾದ ಮಾತು. ಎರಡರ ನಡುವೆ ವ್ಯತ್ಯಾಸ ಇದೆ, ನಮ್ಮ ಇಡೀ ವಾದ ಆ ವ್ಯತ್ಯಾಸದ ಮೇಲೆ ನಿಂತಿರುತ್ತದೆ.

ಮೂರು ವರ್ಷದ ಹಿಂದೆ, ಯಾರೂ ಹೇಳದೆ, ನಾನೇ ಇಷ್ಟಪಟ್ಟು ಎರಡು ಪುಟ ಕನ್ನಡದಲ್ಲಿ ಬರೆದೆ. ರಾತ್ರಿ ಕೂತು ಬರೆದದ್ದು. ಟಾಲರೆಂಟ್ ಅನ್ನುವ ಕಡೆ ಬೇಗ ಹೊಳೆದ ಶಬ್ದ 'ರೋಗ ನಿರೋಧಕ'. ಹಾಕಿಬಿಟ್ಟೆ. ಝೆರಾಕ್ಸ್ ಮಾಡಿ ಹತ್ತಿಪ್ಪತ್ತು ಮನೆಗೆ ಕೊಟ್ಟೆ, ನಮ್ಮ ನೆರೆಮನೆಯ ಮಾವನಿಗೂ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಎರಡು ಸಲ ಓದಿದರು. ಬಹಳ ಸಂತೋಷಪಟ್ಟರು, ನಮ್ಮ ಹುಡುಗಿ ಕನ್ನಡದಲ್ಲಿ ಬರೆದಿದ್ದಾಳೆ ಅಂತ ಬಂದವರಿಗೆಲ್ಲ ತೋರಿಸಿದರು.

ಮತ್ತೆ ಆ ತಳಿಯ 150 ಬಳ್ಳಿ ತರಿಸಿ ತೋಡಿನ ಬದಿಯ ತಗ್ಗಿನಲ್ಲಿ ನೆಟ್ಟರು. ರೋಗ ಬರುವುದೇ ಇಲ್ಲವಲ್ಲ ಅಂತ ಚರಂಡಿ ಬಿಡಿಸಲಿಲ್ಲ, ಮದ್ದು ಹೊಡೆಯಲಿಲ್ಲ. ಎರಡನೇ ವರ್ಷದ ಜುಲೈ ತಿಂಗಳಲ್ಲಿ ಅಮ್ಮ ಫೋನ್ ಮಾಡಿ, 'ಮಾವನ ಬಳ್ಳಿ ಎಲ್ಲ ಹೋಯ್ತು' ಅಂದರು. ನಾನು ಮರುದಿನವೇ ಹೋದೆ. ಸಾಲಿಗೆ ಸಾಲು ಕಪ್ಪಾಗಿ ನೇತಾಡುತ್ತಿತ್ತು, ಕಾಲಿಟ್ಟಲ್ಲಿ ಉದುರಿದ ಎಲೆ, ಮುಟ್ಟಿದರೆ ಗಂಟುಗಳು ಕಳಚಿ ಕೈಗೆ ಬರುತ್ತಿದ್ದವು. ಮಾವ ಒಂದು ಮಾತು ಬೈಯಲಿಲ್ಲ. ಒಳಗೆ ಹೋಗಿ ಆ ಎರಡು ಪುಟ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. 'ರೋಗ ನಿರೋಧಕ' ಅನ್ನುವ ಶಬ್ದದ ಮೇಲೆ ಬೆರಳಿಟ್ಟು ಕೇಳಿದರು: 'ಮಗಳೇ, ಇದರ ಅರ್ಥ ರೋಗ ಬರುವುದಿಲ್ಲ ಅಂತ ಅಲ್ವಾ?'

ಅದಕ್ಕೆ ಆ ಅರ್ಥವೇ. ಅವರು ಸರಿಯಾಗಿಯೇ ಓದಿದ್ದರು, ನಾನು ತಪ್ಪು ಬರೆದಿದ್ದೆ.

ಇಷ್ಟಪಟ್ಟು ಬರೆದವಳ ಕೈಯಲ್ಲೇ ಹೀಗಾಯಿತು. ಹಾಗಾದರೆ ಪದವಿ ಸಿಗಬೇಕೆಂದು ಒತ್ತಾಯಕ್ಕೆ ಬರೆದದ್ದರಲ್ಲಿ ಏನೇನು ಇರಬಹುದು? ಇಂಗ್ಲಿಷಿನಲ್ಲಿ 'ಸಂಬಂಧ ಇರುವಂತೆ ಕಾಣುತ್ತದೆ' ಅಂತ ಅಳೆದು ಬರೆದದ್ದು ಕನ್ನಡಕ್ಕೆ ಬರುವಾಗ 'ಇದೇ ಕಾರಣ' ಅಂತ ಆಗುತ್ತದೆ. ಇಂಗ್ಲಿಷ್ ಲೇಖನವನ್ನು ಅಚ್ಚಿಗೆ ಮುಂಚೆ ಇಬ್ಬರು ಮೂವರು ಪರಿಣತರು ತಿದ್ದುತ್ತಾರೆ. ನನ್ನ ಎರಡು ಪುಟವನ್ನು ಯಾರೂ ತಿದ್ದಲಿಲ್ಲ, ತಿದ್ದುವವರು ಇರಲಿಲ್ಲ. ಮೊದಲು ಅಂಥವರು ಬೇಕು, ವಿಷಯವೂ ಗೊತ್ತಿದ್ದು ಊರಿನ ಭಾಷೆಯೂ ಗೊತ್ತಿರುವ ನಾಲ್ಕು ಜನ. ಅವರಿಗೆ ಸಂಬಳ ಕೊಡಿ. ಅದಾಗುವವರೆಗೆ ನಿಯಮ ಬೇಡ.

ಈ ಜೂನಿನಲ್ಲಿ ಮಾವ ಮತ್ತೆ ಬಳ್ಳಿ ನೆಟ್ಟರು, ಈ ಸಲ ಎತ್ತರದ ಜಾಗದಲ್ಲಿ, ಚರಂಡಿ ಬಿಡಿಸಿ. ನಾನು ಆ ಎರಡು ಪುಟವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಟಾಲರೆಂಟ್ ಅನ್ನುವುದಕ್ಕೆ 'ಸ್ವಲ್ಪ ತಾಳಿಕೊಳ್ಳುತ್ತದೆ, ಆದರೆ ಮದ್ದು ಹೊಡೆಯಲೇಬೇಕು' ಅಂತ ಹಾಕಿದ್ದೇನೆ. ಭಾನುವಾರ ಊರಿಗೆ ಹೋದಾಗ ಮೊದಲು ಮಾವನಿಗೆ ಓದಿ ಹೇಳುತ್ತೇನೆ. ಅವರು ಸರಿ ಅಂದ ಮೇಲೆಯೇ ಝೆರಾಕ್ಸಿಗೆ ಕೊಡುವುದು.