ಸಿಂಪ್ಯೂಟರ್ ಫೇಲ್ ಆಯ್ತು ಅಂತ ಇನ್ನೊಂದ್ಸಲ ನನ್ನ ಮುಂದೆ ಹೇಳ್ಬೇಡಿ

ಒಂದು ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿದ್ದೆ, ಈಗಷ್ಟೇ ಮನೆಗೆ ಬಂದೆ, ಊಟಾನೂ ಆಗಿಲ್ಲ, ಬೆಂಗಳೂರಲ್ಲೇ ಹುಟ್ಟಿದ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್ ಬಗ್ಗೆ ಅಲ್ಲೊಂದು ಮಾತು ಕೇಳ್ದೆ, ಇದನ್ನ ಬರೆದ ಹೊರತು ತುತ್ತು ಇಳಿಯಲ್ಲ.

ಮೂರನೇ ವರ್ಷದ ಒಬ್ಬ ಹುಡುಗ ರಾಸ್ಪ್‌ಬೆರಿ ಪೈ ಝೀರೋ ಅನ್ನೋ ಪುಟಾಣಿ ಕಂಪ್ಯೂಟರ್ ಬೋರ್ಡಿಗೆ ಪುಟ್ಟ ಸ್ಕ್ರೀನು, ಹೆಬ್ಬೆರಳಲ್ಲಿ ಒತ್ತೋ ಕೀಬೋರ್ಡು, ಹಿಂದೊಂದು ಬ್ಯಾಟರಿ ಕೂರಿಸಿ ಅಂಗೈಲಿ ಹಿಡಿಯೋ ಲಿನಕ್ಸ್ (ಯಾರು ಬೇಕಾದ್ರೂ ಪುಕ್ಕಟೆ ಬಳಸಿ, ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್) ಕಂಪ್ಯೂಟರ್ ಮಾಡಿದ್ದ. ಬೂಟ್ ಆಗಿ, ಕಮಾಂಡ್ ಟೈಪ್ ಮಾಡೋ ಟರ್ಮಿನಲ್ ಬಂದಾಗ ಅವನ ಮುಖ ನೋಡ್ಬೇಕಿತ್ತು. ನಂಗೂ ಅಷ್ಟೇ ಖುಷಿ ಆಯ್ತು, ನಾನು ಲಿನಕ್ಸ್ ಹುಚ್ಚ ಅನ್ನೋದು ನಿಮಗೆಲ್ಲ ಗೊತ್ತಲ್ಲ. "ಒಂದು ಕನ್ನಡ ಫೈಲ್ ತೆಗಿಯಪ್ಪ ನೋಡೋಣ" ಅಂದೆ. ತೆಗೆದ. ಸಾಲು ಸಾಲಾಗಿ ಖಾಲಿ ಚೌಕಗಳು. ಜಾಗ ಉಳಿಸೋಕೆ ತೀರಾ ಸಣ್ಣ ಸಿಸ್ಟಮ್ ಹಾಕ್ಕೊಂಡಿದ್ದ, ಕನ್ನಡ ಫಾಂಟೇ ಇರ್ಲಿಲ್ಲ. ನನ್ನ ಹಾಟ್‌ಸ್ಪಾಟ್ ಆನ್ ಮಾಡಿ ಗುಬ್ಬಿ, ನವಿಲು ಫಾಂಟ್‌ಗಳನ್ನ ಹಾಕಿಸ್ದೆ, ಎಡಿಟರ್ ಮುಚ್ಚಿ ತೆಗೆದ್ರೆ ಚೌಕಗಳೆಲ್ಲ ಅಕ್ಷರ ಆಗಿ ಕೂತಿದ್ವು, ಒತ್ತಕ್ಷರ ಸಮೇತ. "ಸರ್, ಸೂಪರ್" ಅಂದ.

ಆಗ ಕೇಳ್ದೆ, "ಇಂಥದ್ದೇ ಒಂದನ್ನ ಇದೇ ಬೆಂಗಳೂರಲ್ಲಿ ಮಾಡಿದ್ರು, ಸಿಂಪ್ಯೂಟರ್ ಅಂತ, ಕೇಳಿದ್ದೀಯಾ?" ಇಲ್ಲ ಅಂದ. ಅವನ ಮೇಲೆ ಸಿಟ್ಟಿಲ್ಲ, ಅವನಾಗ ಹುಟ್ಟೇ ಇರ್ಲಿಲ್ಲ. ಆದ್ರೆ ಪಕ್ಕದಲ್ಲಿದ್ದ ಮೇಷ್ಟ್ರು, ನನ್ನ ವಯಸ್ಸಿನೋರೇ, "ಬಿಡಿ ಸಾರ್, ಅದು ಫೇಲ್ ಆದ ಪ್ರಾಡಕ್ಟು, ಮಕ್ಕಳಿಗೆ ಯಾಕೆ" ಅಂದ್ಬಿಟ್ರು. ಅಲ್ಲೇ ಮೈ ಉರೀತು.

ಮಕ್ಕಳಿಗೆ ಹೇಳ್ದೆ ಇನ್ಯಾರಿಗೆ ಹೇಳೋದು ಸ್ವಾಮಿ? 1998ರಲ್ಲಿ ಶುರುವಾದ ಕನಸು ಅದು. ಐಐಎಸ್‌ಸಿಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಕಂಪನಿಯೋರು ಸೇರ್ಕೊಂಡು 2001ರಲ್ಲಿ ಮಾದರಿ ತೋರಿಸಿದ್ರು. ಒಳಗೆ 206 ಮೆಗಾಹರ್ಟ್ಸ್ ಸ್ಟ್ರಾಂಗ್‌ಆರ್ಮ್ ಚಿಪ್ಪು, ಮೇಲೆ ಲಿನಕ್ಸ್. ಅದೇ ಚಿಪ್ಪಿದ್ದ ಕಾಂಪ್ಯಾಕ್ ಐಪ್ಯಾಕ್ ಅನ್ನೋ ಫಾರಿನ್ ಅಂಗೈ ಕಂಪ್ಯೂಟರ್ ಅಂಗಡಿಯಿಂದ ವಿಂಡೋಸ್ ಹೊತ್ಕೊಂಡು ಬರ್ತಿತ್ತು, ಅದನ್ನ ತೆಗೆದು ಲಿನಕ್ಸ್ ಹಾಕೋಕೆ ಹೊರದೇಶದ ಹವ್ಯಾಸಿಗಳು ರಾತ್ರಿಯೆಲ್ಲ ಕೂತಿರ್ತಿದ್ರು. ನಮ್ಮೋರು ಮೊದಲ ದಿನದಿಂದಲೇ ಲಿನಕ್ಸ್ ಇಟ್ಕೊಂಡು ಡಿಸೈನ್ ಮಾಡಿದ್ರು. ಯಾಕೆ ಅಂದ್ರೆ ಲೈಸೆನ್ಸ್ ದುಡ್ಡು ಕೊಟ್ರೆ ಬೆಲೆ ಇಳಿಯಲ್ಲ, ಮತ್ತೆ ಒಳಗಿನ ಕೋಡ್ ಕೈಗೆ ಸಿಗದಿದ್ರೆ ನಮ್ಮ ಭಾಷೆಗಳನ್ನ ಕೂರಿಸೋಕಾಗಲ್ಲ.

ಭಾಷೆ, ಅದೇ ನೋಡಿ ನನ್ನ ಹೊಟ್ಟೆ ಉರಿಸೋದು. ಓದೋಕೆ ಬರದ ರೈತ ಕೂಡ ಬಳಸ್ಬೇಕು ಅಂತ ಅದಕ್ಕೆ ಮಾತು ಕಲಿಸಿದ್ರು, 'ಧ್ವನಿ' ಅನ್ನೋ ಸಾಫ್ಟ್‌ವೇರ್ ಕನ್ನಡ ಬರಹವನ್ನ ಓದಿ ಹೇಳ್ತಿತ್ತು. ಮನೆಗೊಂದು ಕೊಳ್ಳೋ ಶಕ್ತಿ ಇಲ್ಲದ ಹಳ್ಳಿಗೆ ಊರಿಗೊಂದೇ ಯಂತ್ರ ಸಾಕು, ಅವರವರ ಮಾಹಿತಿ ಇರೋ ಸ್ಮಾರ್ಟ್ ಕಾರ್ಡ್ ಅವರವರ ಜೇಬಲ್ಲಿ. 2004ರಲ್ಲಿ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್ ಜೊತೆ ಸೇರಿ ಅಮಿಡಾ ಸಿಂಪ್ಯೂಟರ್ ತಂದ್ರು. ಒಂದು ಸ್ಟಾಲ್‌ನಲ್ಲಿ ನಾನೇ ಕೈಲಿ ಹಿಡಿದು ನೋಡಿದ್ದೀನಿ. ಮಣಿಕಟ್ಟು ಸ್ವಲ್ಪ ಹೊರಳಿಸಿದ್ರೆ ಪುಟ ತಿರುಗೋದು, ಅಲುಗಾಟ ಗೊತ್ತಾಗೋ ಸೆನ್ಸರ್ ಇತ್ತು ಅದರಲ್ಲಿ. ಐಫೋನ್ ಬಂದಿದ್ದು 2007ರಲ್ಲಿ ಅನ್ನೋದು ನೆನಪಿರ್ಲಿ.

ಹೌದು, ಮಾರಾಟ ಆಗ್ಲಿಲ್ಲ. ಬೆಲೆ ಹತ್ತು ಸಾವಿರದ ಹತ್ರ ಇತ್ತು, ಕೆಲವೇ ಸಾವಿರ ಹೋದ್ವು, ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗ ಆಗಿ ಎಲ್ಲರ ಕೈಗೂ ಬಂತು. ಇದನ್ನೇ ಹಿಡ್ಕೊಂಡು ಫೇಲ್ ಅಂತಾರೆ. ಮಾರಾಟದ ಲೆಕ್ಕ ಒಂದೇ ಲೆಕ್ಕನಾ? ಧ್ವನಿಯ ಕೋಡ್ ಮುಕ್ತವಾಗಿ ಬಿಟ್ಟಿದ್ರಿಂದ ಮುಂದೆ ಬೇರೆಯೋರು ಅದನ್ನ ಬೆಳೆಸಿದ್ರು. ಬೋರ್ಡಿನ ಡಿಸೈನನ್ನೂ ಹಂಚ್ಕೊಳ್ಳೋ ಥರ ಲೈಸೆನ್ಸ್ ಬರೆದಿದ್ರು, ಹಾರ್ಡ್‌ವೇರ್‌ಗೆ ಹಾಗೆ ಯೋಚಿಸ್ತಿದ್ದೋರು ಆ ಕಾಲದಲ್ಲಿ ಎಷ್ಟು ಜನ ಇದ್ರು ಹೇಳಿ. ಇವತ್ತಿನ ಆ ಹುಡುಗ ತಂತಿ ಬೆಸೆದು ಅಂಗೈಲಿ ಲಿನಕ್ಸ್ ಹಿಡಿದನಲ್ಲ, ಅವನಿಗೆ ತನ್ನೂರಲ್ಲೇ ಈ ಕೆಲಸಕ್ಕೆ ಹಿರಿಯರಿದ್ರು ಅನ್ನೋದೇ ಗೊತ್ತಿಲ್ಲ, ಗೊತ್ತಿದ್ದಿದ್ರೆ ಕನ್ನಡದ ಜಾಗದಲ್ಲಿ ಚೌಕ ಬರೋಕೆ ಬಿಡ್ತಿರ್ಲಿಲ್ಲ ಅಂತ ನನ್ನ ನಂಬಿಕೆ.

ಒಂದು ಮಾತು ಯಾರ ಹತ್ರಾನೂ ಹೇಳಿರ್ಲಿಲ್ಲ. ಅವತ್ತು ಆ ಸ್ಟಾಲ್‌ಗೆ ಹೋದಾಗ ನನ್ನ ಜೇಬಲ್ಲಿ ದುಡ್ಡಿತ್ತು. ಹೊಸ ಕೆಲಸ, ಕೈಗೆ ಸಂಬಳ ಬಂದಿತ್ತು. ಹತ್ತು ನಿಮಿಷ ಕೈಲಿ ಹಿಡಿದು, ಪುಟ ತಿರುಗಿಸಿ, ಅಲ್ಲಿದ್ದೋರಿಗೆ ಥ್ಯಾಂಕ್ಸ್ ಹೇಳಿ ವಾಪಸ್ ಇಟ್ಟು, ಮುಂದಿನ ವಾರ ಒಂದು ಫಾರಿನ್ ಫೋನ್ ತಗೊಂಡೆ. ಅದನ್ನ ಕೊಳ್ಳದೇ ಇದ್ದೋರಲ್ಲಿ ನಾನೂ ಒಬ್ಬ, ಆ ನೋವು ಇವತ್ತಿಗೂ ಹೋಗಿಲ್ಲ, ಮೇಷ್ಟ್ರ ಮಾತು ಅಷ್ಟು ಚುಚ್ಚಿದ್ದೂ ಅದಕ್ಕೇ ಇರ್ಬೇಕು.

ಹೊರಡುವಾಗ ಹುಡುಗ ಓಡಿ ಬಂದು, "ಸರ್, ಆ ಧ್ವನಿ ಕೋಡ್ ನನ್ನ ಪೈ ಮೇಲೆ ಕಂಪೈಲ್ ಆಗುತ್ತಾ?" ಅಂತ ಕೇಳ್ದ. ಭಾನುವಾರ ಮನೆಗೆ ಬಾ, ಕೂತು ನೋಡೋಣ ಅಂದಿದ್ದೀನಿ. ನಿಮ್ಮಲ್ಲಿ ಯಾರ ಮನೆ ಅಟ್ಟದಲ್ಲಾದ್ರೂ ಹಳೇ ಅಮಿಡಾ ಇದ್ರೆ ದಯವಿಟ್ಟು ಮೆಸೇಜ್ ಮಾಡಿ. ಆನ್ ಆಗದಿದ್ರೂ ಪರವಾಗಿಲ್ಲ, ಅವನ ಕೈಲಿ ಒಂದ್ಸಲ ಇಡ್ಬೇಕು.